ಫಕೀರವ್ವನ ಏಳು ತಪ್ಪುಗಳು

ನಮ್ಮ ಊರಿನಲ್ಲಿ ಬರೆದದ್ದು ಮೂರನೆಯ ದಿನಕ್ಕೆ ಅಳಿದುಹೋಗುತ್ತದೆ. ಕಾಗದವಾಗಲಿ, ಸ್ಲೇಟಾಗಲಿ, ತಾಮ್ರದ ತಗಡಾಗಲಿ, ಗೋರಿಯ ಮೇಲೆ ಉಳಿಯಿಂದ ಕೆತ್ತಿದ ಕಲ್ಲಾಗಲಿ, ವ್ಯತ್ಯಾಸವಿಲ್ಲ. ಅಂಗಡಿಯವರು ವಾರಕ್ಕೆ ಎರಡು ಸಲ ತಮ್ಮ ಫಲಕಕ್ಕೆ ಬಣ್ಣ ಬಳಿಯುತ್ತಾರೆ. ಲಗ್ನಪತ್ರಿಕೆ ಹಂಚುವವರು ಎರಡು ದಿನದೊಳಗೆ ಓಡಾಟ ಮುಗಿಸುತ್ತಾರೆ. ಉಳಿಯಬೇಕಾದದ್ದೆಲ್ಲ ಮೋಡದಲ್ಲಿರುತ್ತದೆ. ಮೋಡವು ಊರ ನಡುವಿನ ಕಲ್ಲಿನ ಬುರುಜಿನ ಮೇಲೆ ವರ್ಷದ ಎಲ್ಲ ದಿನವೂ ನಿಂತಿರುತ್ತದೆ. ಬುರುಜಿನ ತಲೆಯಲ್ಲಿ ಒಂದು ಉದ್ದನೆಯ ಗಳ ನೆಟ್ಟಿದೆ. ಅದರ ತುದಿ ಮೋಡದೊಳಗಿದೆ. ತುದಿಯ ರಾಟೆಗೆ ಹಗ್ಗ, ಹಗ್ಗಕ್ಕೆ ಬಿದಿರಿನ ಬುಟ್ಟಿ. ಬರೆದ ಹಾಳೆಯನ್ನು ಬುಟ್ಟಿಯಲ್ಲಿಟ್ಟು ಮೇಲೆ ಕಳಿಸಿದರೆ ಹಾಳೆ ಖಾಲಿಯಾಗಿ ಇಳಿಯುತ್ತದೆ. ಬೇಕಾದಾಗ ಖಾಲಿ ಹಾಳೆಯ ಮೂಲೆಯಲ್ಲಿ ಒಡೆಯರ ಹೆಸರನ್ನೂ ಇಟ್ಟ ದಿನವನ್ನೂ ಬರೆದು ಕಳಿಸಿದರೆ ಬರಹ ಮೂಡಿ ಬರುತ್ತದೆ. ಮೋಡದಲ್ಲಿರುವುದು ಅಲ್ಲಿಯೇ ಉಳಿದಿರುತ್ತದೆ. ಒಂದೇ ನಿಬಂಧನೆ. ಮಡಚಿದ ಹಾಳೆಯನ್ನು ಮೋಡ ಮುಟ್ಟುವುದಿಲ್ಲ. ಬಿಚ್ಚಿಟ್ಟದ್ದನ್ನು ಮಾತ್ರ ತೆಗೆದುಕೊಳ್ಳುತ್ತದೆ. ನಾನು ಹೇಳಹೊರಟ ಸಂಗತಿಯ ಮೂಲ ಈ ನಿಬಂಧನೆಯಲ್ಲಿದೆ.

ಇಲ್ಲಿ ಬರುವ ಹೆಸರುಗಳು ಯಾವುವೂ ಅವರವರವಲ್ಲ. ಊರಿನ ಹೆಸರನ್ನು ಹೇಳುವುದೇ ಇಲ್ಲ.

ನಾನು ಈ ಊರಿನ ಶಾಲೆಯಲ್ಲಿ ಮೂವತ್ತಾರು ವರ್ಷ ಅಂಕಗಣಿತ ಕಲಿಸಿದವನು. ಈಗ ಎಪ್ಪತ್ತಾರು ವಯಸ್ಸು. ಹೆಂಡತಿ ತೀರಿಕೊಂಡಿದ್ದಾಳೆ. ಒಬ್ಬಳೇ ಮಗಳು ಇಂದುಮತಿ ಮದುವೆಯಾಗಿ ಇದೇ ಊರಿನ ಇನ್ನೊಂದು ಓಣಿಯಲ್ಲಿದ್ದಾಳೆ. ವಾರಕ್ಕೊಮ್ಮೆ ಬಂದು ಅರ್ಧ ಗಂಟೆ ಕುಳಿತು ಹೋಗುತ್ತಾಳೆ. ಹೆಚ್ಚು ಮಾತಾಡುವುದಿಲ್ಲ, ನಾನೂ ಆಡಿಸುವುದಿಲ್ಲ. ಮೋಡಕ್ಕೆ ನಾನು ಒಂದು ಹಾಳೆಯನ್ನೂ ಕಳಿಸಿದವನಲ್ಲ. ಬಿಚ್ಚಿದ ಹಾಳೆ ಬುಟ್ಟಿಗೆ ಸೇರುವ ಮೊದಲು ಒಬ್ಬ ಮನುಷ್ಯನ ಕೈ ದಾಟಬೇಕು, ಆ ಮನುಷ್ಯನಿಗೆ ಕಣ್ಣುಗಳಿವೆ ಎಂಬ ಸರಳ ವಿಷಯ ಊರಿನಲ್ಲಿ ಬೇರೆ ಯಾರಿಗೂ ಏಕೆ ಹೊಳೆಯಲಿಲ್ಲವೋ ತಿಳಿಯದು. ನೆನಪಿನಲ್ಲಿ ಹಿಡಿಸುವಷ್ಟನ್ನೇ ನಾನು ಬದುಕಿನಲ್ಲಿ ಇಟ್ಟುಕೊಂಡೆ.

ಕಳೆದ ವರ್ಷ ಚೈತ್ರದಲ್ಲಿ ಒಂದು ಬೆಳಿಗ್ಗೆ ಸೂಲಗಿತ್ತಿ ಫಕೀರವ್ವ ನನ್ನ ಮನೆಯ ಬಾಗಿಲಲ್ಲಿ ನಿಂತಳು. ನಾನು ನೌಕರಿಗೆ ಸೇರಿದ ಮೊದಲ ವರ್ಷ ಎರಡನೆಯ ಇಯತ್ತೆಯಲ್ಲಿದ್ದ ಹುಡುಗಿ. ಈಗ ಅವಳಿಗೆ ಅರವತ್ತೆರಡು.

“ಮಾಸ್ತರ, ಒಳಗ ಬರ್ಲ್ಯಾ?”

“ಚಪ್ಪಲಿ ಹೊರಗ ಬಿಡು.”

“ಐವತ್ತು ವರ್ಷ ಆತು, ಇನ್ನೂ ಅದ ಮಾತು,” ಎಂದು ಗೊಣಗುತ್ತ ಬಂದು ನೆಲದ ಮೇಲೆ ಕುಳಿತಳು. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. “ನೀರಿನ ಸಾಲಿನಾಗ ಒಂದು ಮಾತು ಎದ್ದೈತ್ರಿ. ದಾಕ್ಷಾಯಣಿ ಗಾಣದ ಮನಿ ಕೂಸಲ್ಲಂತ.”

ದಾಕ್ಷಾಯಣಿಯನ್ನು ನಾನು ಬಲ್ಲೆ. ಎಣ್ಣೆಗಾಣದ ಬಸಲಿಂಗಪ್ಪನ ಮಗಳು. ನನ್ನದೇ ಶಾಲೆಯಲ್ಲಿ ಈಗ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾಳೆ. ಇಪ್ಪತ್ತಾರು ವರ್ಷ. ಅವಳಿಗೆ ವರ ನೋಡುತ್ತಿದ್ದಾರೆಂದು ಕೇಳಿದ್ದೆ.

“ಹೌದೋ, ಅಲ್ಲೋ?” ಎಂದೆ.

“ಅದನ್ನ ನೀವು ಕೇಳಬಾರ್ದು, ನಾ ಹೇಳಬಾರ್ದು.”

ಹೇಳಬಹುದಾದಷ್ಟನ್ನು ಹೇಳಿದಳು. ಅವಳ ಕೈಯಲ್ಲಿ ಹುಟ್ಟಿದ ಮಕ್ಕಳಲ್ಲಿ ನಲವತ್ತೊಂದು ಮಕ್ಕಳು ಹುಟ್ಟಿದ್ದು ಒಂದು ಮನೆಯಲ್ಲಿ, ಬೆಳೆದದ್ದು ಇನ್ನೊಂದು ಮನೆಯಲ್ಲಿ. ಯಾವ ಮನೆ ಸಾಕಲು ಒಯ್ದಿತು ಎಂಬುದನ್ನಷ್ಟೇ ಬರೆದು ಮೋಡದಲ್ಲಿಟ್ಟಿದ್ದಳು. ದಾಕ್ಷಾಯಣಿಗೆ ವರ ನೋಡುವ ಸುದ್ದಿ ಕೇಳಿ, ಹಿಂದಿನ ತಿಂಗಳು ಅವಳ ಹಾಳೆಯನ್ನು ಇಳಿಸಿ ನೋಡಿದ್ದಳು. ಹೆತ್ತವರ ಹೆಸರನ್ನು ಎಲ್ಲಿಯೂ ಬರೆದಿರಲಿಲ್ಲ, ತಲೆಯಲ್ಲಿ ಇಟ್ಟುಕೊಂಡಿದ್ದಳು. ಒಬ್ಬೊಬ್ಬ ತಾಯಿಗೂ ಆಣೆ ಮಾಡಿ ಮಾತು ಕೊಟ್ಟಿದ್ದಳು.

“ಈಗ ತೆಲಿ ಮೊದಲಿನಂಗಿಲ್ರಿ. ಮೊನ್ನೆ ಒಲಿ ಮ್ಯಾಲ ಹಾಲಿಟ್ಟು, ಹಾಲು ಇನ್ನೂ ಬಂದಿಲ್ಲಂತ ಹಾಲಿನಾಕಿ ಮನಿಗೆ ಹೋಗಿದ್ದೆ. ಹೆಸರು ಮರತ್ರ ಏನ್ ಮಾಡ್ಲಿ? ಊರು ಸಣ್ಣದು. ನಾಳೆ ಅಣ್ಣಾ ತಂಗಿ ಒಂದ ಹಂದರದಾಗ ಕುಂತ್ರ, ಬ್ಯಾಡ ಅನ್ನೂಕಿ ನಾ ಒಬ್ಬಾಕಿ. ಬರದು ಇಡಬೇಕು. ಬರದು ಇಟ್ರ ನೀರಿನ ಸಾಲಿಗೆ ಹೊಕ್ಕೈತಿ. ಆ ಹುಡುಗೀಗೆ ಈಗ ಹಗ್ಗದ ಮನಿ ಮಲ್ಲೇಶಿನ್ನ ನೋಡ್ಯಾರ. ಇಷ್ಟ ಮಾತಿಗೆ ಅವರು ಒಂದ ಹೆಜ್ಜಿ ಹಿಂದ ಸರದಾರ. ಹೆತ್ತಾಕಿ ಹೆಸರೂ ಹೊರಗ ಬಂತಂದ್ರ ಎರಡ ಮನಿ ಮುರೀತಾವು.”

ಮಾತು ಬುರುಜಿನಿಂದಲೇ ಸೋರಿದೆ ಎಂಬ ಆಪಾದನೆಗೆ ಮೊದಲು ಸಾಬೀತು ಬೇಕು. ಒಂದು ಉಪಾಯ ಮಾಡಿದೆ. ಗಾಣದ ಮನೆಯ ಕೂಸಿನ ಎಡ ಅಂಗಾಲಿನಲ್ಲಿ ಹುಣಸೆ ಬೀಜದಷ್ಟು ಕಪ್ಪು ಮಚ್ಚೆಯಿದೆ ಎಂಬ ಒಂದು ವಾಕ್ಯವನ್ನು ಅವಳ ಕೈಯಿಂದಲೇ ಬರೆಸಿ ಮೋಡಕ್ಕೆ ಕಳಿಸಿದೆ. ಅದು ಶುದ್ಧ ಸುಳ್ಳು. ಆ ಸುಳ್ಳು ಜಗತ್ತಿನಲ್ಲಿ ಮೂರು ಕಡೆ ಮಾತ್ರ ಇತ್ತು: ಅವಳ ಬಳಿ, ನನ್ನ ಬಳಿ, ಮೋಡದಲ್ಲಿ. ಆರನೆಯ ದಿನ ಫಕೀರವ್ವ ಬಂದಳು. ಚಪ್ಪಲಿಯನ್ನು ಕಾಲಲ್ಲಿಟ್ಟುಕೊಂಡೇ ಒಳಗೆ ಬಂದಳು.

“ನಾಲ್ಕು ಮಂದಿ ಹೆಂಗಸ್ರು ಆಕೀನ್ನ ಶಾಲಿ ಕಟ್ಟಿ ಮ್ಯಾಲ ಕುಂದ್ರಿಸಿ ಕಾಲು ನೋಡಿದ್ರಂತ. ಮುಳ್ಳು ಚುಚ್ಚೇತೇನ ತಂಗಿ ಅಂತ ನೆವ ಹೇಳಿ. ಆಕಿ ಎರಡೂ ಕಾಲು ತೋರ್ಸಿ, ‘ಸಾಕಾ? ಇನ್ನ ಹಲ್ಲು ನೋಡ್ತೀರೇನು, ಸಂತ್ಯಾಗ ನೋಡಿದಂಗ?’ ಅಂದ್ಳಂತ. ಆಮ್ಯಾಲ ನನ್ನ ಹಂತೇಕ ಬಂದು ಅತ್ಲು.”

“ಅಂದರೆ ಸಾಬೀತಾಯಿತು,” ಎಂದೆ.

“ನಿಮ್ಮ ಲೆಕ್ಕ ಸರಿ ಬಂತು, ಮಾಸ್ತರ. ಆಕಿ ಅಲ್ಲಿ ಕುಂತು ಕಾಲು ತೋರಿಸಿದ್ದು ಯಾವ ಲೆಕ್ಕದಾಗ ಬರ್ತೈತಿ?”

ಛತ್ರಿ ತೆಗೆದುಕೊಂಡು ಬುರುಜಿಗೆ ಹೋದೆ. ಬುರುಜು ಕಾಯುವ ಅಡಿವೆಪ್ಪ ಹಗ್ಗಕ್ಕೆ ಎಣ್ಣೆ ಸವರುತ್ತಿದ್ದ. ಇಪ್ಪತ್ತು ವರ್ಷದಿಂದ ಊರಿನ ಎಲ್ಲ ಹಾಳೆಗಳೂ ಅವನ ಕೈಯಿಂದಲೇ ಮೇಲೆ ಹೋಗಿವೆ. ಬಾಯಿ ತುಂಬ ಎಲೆ, ಮುಖದಲ್ಲಿ ಕೇಡಿಲ್ಲ. ಕೇಡಿಲ್ಲದ ಮುಖಗಳನ್ನು ನಾನು ಇನ್ನಷ್ಟು ಜಾಗರೂಕತೆಯಿಂದ ನೋಡುತ್ತೇನೆ.

“ಅಡಿವೆಪ್ಪ, ಮಂದಿಯ ಹಾಳಿ ಓದ್ತೀಯೇನು?”

“ಓದೂದಿಲ್ರೀ ಮಾಸ್ತರ. ಕಣ್ಣಿಗೆ ಬೀಳ್ತೈತಿ.”

“ಬಿದ್ದದ್ದನ್ನ ಯಾರಿಗೆ ಹೇಳ್ತಿ?”

“ದೇವರಾಣಿ ಯಾರಿಗೂ ಇಲ್ರಿ.” ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಸ್ವಲ್ಪ ಯೋಚಿಸಿದ. “ಮನ್ಯಾಗ ಅಷ್ಟ.”

“ಮನ್ಯಾಗ ಎಷ್ಟು ಮಂದಿ?”

“ಹನ್ನೊಂದು.”

ಅವನನ್ನು ತೆಗೆದುಹಾಕಿಸಬಹುದಿತ್ತು. ಅವನ ಜಾಗಕ್ಕೆ ಬರುವವನಿಗೂ ಕಣ್ಣಿರುತ್ತದೆ, ಮನೆಯಿರುತ್ತದೆ. ಕಾವಲುಗಾರನು ಒಳ್ಳೆಯವನಾಗಿರಲಿ ಎಂದು ಹಾರೈಸುವುದು ಉಪಾಯವಲ್ಲ. ಕಾವಲುಗಾರನು ಎಂಥವನಾದರೂ ಅವನಿಗೆ ಏನೂ ದಕ್ಕದಂತೆ ಹಾಳೆಯನ್ನೇ ಬರೆಯಬೇಕು. ಫಕೀರವ್ವನಿಗೆ ನಾನು ಕಲಿಸಿದ್ದು ಇಷ್ಟು: ವರ್ಣಮಾಲೆಯ ಅಕ್ಷರಗಳಿಗೆ ಒಂದರಿಂದ ಸಾಲಾಗಿ ಸಂಖ್ಯೆ ಕೊಡು, ಕಾಗುಣಿತದ ಗುರುತುಗಳಿಗೂ ಕೊಡು. ಬರೆಯಬೇಕಾದ ಪ್ರತಿ ಅಕ್ಷರದ ಸಂಖ್ಯೆಗೆ ನಿನಗೆ ಮಾತ್ರ ಗೊತ್ತಿರುವ ಇನ್ನೊಂದು ಸಂಖ್ಯೆಯನ್ನು ಕೂಡಿಸು. ಮೊತ್ತವನ್ನು ಮಾತ್ರ ಹಾಳೆಯಲ್ಲಿ ಬರೆ. ಓದಬೇಕಾದಾಗ ಅದೇ ಸಂಖ್ಯೆಯನ್ನು ಕಳೆ. ಯಾವುದನ್ನು ಕಳೆಯಬೇಕೆಂದು ತಿಳಿಯದವನಿಗೆ ಇಡೀ ಹಾಳೆ ಅಂಕಿಗಳ ಗುಡ್ಡೆ.

ಕೂಡಿಸುವುದಕ್ಕೆ, ಅಕ್ಷರಕ್ಕೊಂದರಂತೆ ಸರದಿಯಲ್ಲಿ ಬಳಸಲು, ಒಂಬತ್ತು ಸಂಖ್ಯೆಗಳನ್ನು ನಾನೇ ಆರಿಸಿಕೊಟ್ಟೆ. ಅವುಗಳಲ್ಲಿ ಯಾವ ಕ್ರಮವೂ ಇರದಂತೆ ನೋಡಿಕೊಂಡಿದ್ದೆ. ಮೊದಲು ಪರೀಕ್ಷೆಗಾಗಿ, ಹೆಸರುಗಳ ಬದಲಿಗೆ, ಅವಳ ಅತ್ತೆಯಿಂದ ಬಂದ ಬಾಣಂತಿ ಖಾರದ ಪುಡಿಯ ಅಳತೆಯನ್ನು ಬೀಗ ಹಾಕಿ ಕಳಿಸಿದೆವು. ಆ ಅಳತೆಯನ್ನು ಅವಳು ಸೊಸೆಗೂ ಹೇಳಿರಲಿಲ್ಲ. ಹನ್ನೊಂದನೆಯ ದಿನ ಅಡಿವೆಪ್ಪನ ಹೆಂಡತಿ ಅದೇ ಪುಡಿಯನ್ನು ಕುಟ್ಟಿ ಓಣಿಗೆಲ್ಲ ಹಂಚಿದಳು.

ನಾನು ಮೂರು ದಿನ ಕುಳಿತು ನನ್ನ ವಿಧಾನವನ್ನು ಪರೀಕ್ಷಿಸಿದೆ. ತಪ್ಪಿರಲಿಲ್ಲ. ಒಂಬತ್ತು ಸಂಖ್ಯೆಗಳನ್ನು ಊಹಿಸಿ ತೆರೆಯುವುದು ಅಡಿವೆಪ್ಪನ ಏಳು ತಲೆಮಾರಿಗೂ ಆಗದ ಕೆಲಸ. ನಾಲ್ಕನೆಯ ದಿನ ಅವಳನ್ನು ಕರೆಸಿದೆ.

“ಆ ಒಂಬತ್ತು ಸಂಖ್ಯಾ ಎಲ್ಲಿ ಇಟ್ಟಿ?”

“ಮ್ಯಾಲ.”

“ಮ್ಯಾಲ ಅಂದ್ರ?”

“ಮೋಡದಾಗ್ರಿ. ಮತ್ತೆಲ್ಲಿ ಇಡ್ಲಿ? ಮನ್ಯಾಗ ಬರದು ಇಟ್ರ ಮೂರ ದಿನಕ್ಕ ಹೊಕ್ಕಾವು. ಮರತೆ ಅಂದ್ರ ಬ್ರಹ್ಮ ಬಂದ್ರೂ ತೆಗ್ಯಾಕಾಗೂದಿಲ್ಲ ಅಂತ ನೀವ ಅಂಜಿಸಿದ್ರಿ.”

ಹುಟ್ಟಿದಂದಿನಿಂದ ಉಳಿಯಬೇಕಾದದ್ದನ್ನೆಲ್ಲ ಮೇಲೆ ಕಳಿಸಿದವಳು ಕೀಲಿಕೈಯನ್ನೂ ಮೇಲೆಯೇ ಕಳಿಸಿದ್ದಳು. ಆಮೇಲೆ ತನಗೇ ಗೊಂದಲವಾಗಬಾರದೆಂದು ಆ ಹಾಳೆಯ ತಲೆಯಲ್ಲಿ ದಪ್ಪಕ್ಷರದಲ್ಲಿ ‘ಇದು ಖಾರದ ಪುಡಿಯ ಕೀಲಿಕೈ, ಕಳೆಯತಕ್ಕದ್ದು’ ಎಂದು ಬರೆದಿದ್ದಳು.

ನಾನು ಆಡಬಾರದ ಎರಡು ಮಾತು ಆಡಿದೆ. ಅವಳು ಕೇಳಿಸಿಕೊಂಡಳು.

“ನೀವು ಕೊಟ್ಟ ಸಂಖ್ಯಾ ನನ್ನ ತೆಲ್ಯಾಗ ನಿಲ್ಲೂದಿಲ್ರಿ. ನಿಂತಾವ ಬ್ಯಾರೆ.”

“ಯಾವುವು?”

“ನೀವು ಹೊಡದದ್ದು.” ಕಣ್ಣು ಮುಚ್ಚಿ, ಎಂಟು ವರ್ಷದ ಹುಡುಗಿಯಂತೆ ತೂಗುತ್ತ, ಹದಿನೇಳರ ಮಗ್ಗಿ ಹೇಳತೊಡಗಿದಳು. “…ಹದಿನೇಳೇಳ್ಲೆ ನೂರಾ ಹತ್ತೊಂಬತ್ತು, ಹದಿನೇಳೆಂಟ್ಲೆ ನೂರಾ ನಲವತ್ತಾರು…”

ನನ್ನ ಬಲಗೈ ಕುರ್ಚಿಯ ಪಕ್ಕಕ್ಕೆ, ಒಂದು ಕಾಲದಲ್ಲಿ ಬೆತ್ತ ಇರುತ್ತಿದ್ದ ಜಾಗಕ್ಕೆ, ತಾನಾಗಿ ಹೋಯಿತು. ಫಕೀರವ್ವ ಕಣ್ಣು ತೆರೆದು ಅದನ್ನು ನೋಡಿ ನಕ್ಕಳು. “ನೋಡ್ರಿ! ಇನ್ನೂ ಕೈ ಹೊಕ್ಕೈತಿ.”

ನೂರ ಮೂವತ್ತಾರು ಎನ್ನಬೇಕಾದಲ್ಲಿ ನೂರ ನಲವತ್ತಾರು ಎನ್ನುವುದನ್ನು ಅವಳು ಎರಡನೆಯ ವರ್ಷಕ್ಕೂ ಬಿಟ್ಟಿರಲಿಲ್ಲ. ಹನ್ನೆರಡರಿಂದ ಹತ್ತೊಂಬತ್ತರವರೆಗಿನ ಮಗ್ಗಿಗಳಲ್ಲಿ ಅವಳಿಗೆ ಇಂಥ ತಪ್ಪುಗಳು ಒಟ್ಟು ಏಳು. ಪ್ರತಿ ತಪ್ಪಿಗೆ ಮೂರು ಏಟು ಕೊಡುತ್ತಿದ್ದೆ. ಮೂರನೆಯ ಇಯತ್ತೆಯ ನಡುವೆ ಶಾಲೆ ಬಿಟ್ಟಳು. ಆ ಏಳೂ ನನಗೆ ನೆನಪಿದ್ದವು. ನನ್ನ ವಿದ್ಯಾರ್ಥಿಗಳ ಮುಖ ಮರೆತಿದ್ದೇನೆ, ತಪ್ಪುಗಳನ್ನು ಮರೆತಿಲ್ಲ. ಸರಿಯಾದ ಮಗ್ಗಿ ಎಲ್ಲರಿಗೂ ಒಂದೇ. ತಪ್ಪು ಮಾತ್ರ ಅವರವರದು. ಬರೆದಿಡಬೇಕಾಗಿಲ್ಲ, ಮರೆಯಲು ಯತ್ನಿಸಿದರೂ ಮರೆಯುವುದಿಲ್ಲ. ಕೀಲಿಕೈ ಆಗಬೇಕಾದದ್ದು ಅದೇ, ಆ ಏಳು ತಪ್ಪು ಉತ್ತರಗಳನ್ನೇ ಸರದಿಯಲ್ಲಿ ಕೂಡಿಸು ಎಂದು ಅವಳಿಗೆ ವಿವರಿಸಿದೆ.

“ಅಂದ್ರ ನಾ ಅವತ್ತು ಸರಿ ಕಲತಿದ್ರ ಇವತ್ತು ಬೀಗ ಇರ್ತಿರಲಿಲ್ಲ.”

“ಇರ್ತಿರಲಿಲ್ಲ.”

“ಹಂಗಾರ ಹೊಡದದ್ದು ಯಾಕ್ರಿ?”

ಆ ಪ್ರಶ್ನೆ ಆ ದಿನದ ಪಾಠಕ್ಕೆ ಸಂಬಂಧಿಸಿದ್ದಲ್ಲವೆಂದು ಹೇಳಿದೆ.

ಮುಂದಿನ ಎರಡು ತಿಂಗಳು ಅವಳು ಮಧ್ಯಾಹ್ನ ಬಂದು ನನ್ನ ಪಡಸಾಲೆಯಲ್ಲಿ ಕುಳಿತು, ಒಂದೊಂದೇ ಅಕ್ಷರ ಕೂಡಿಸಿ, ನಲವತ್ತೊಂದು ಹೆಸರುಗಳನ್ನು ಅಂಕಿಗಳಾಗಿ ಬರೆದಳು. ಹೆತ್ತವಳ ಹೆಸರು; ಅವಳು ಹೇಳಿದ್ದರೆ ಗಂಡಸಿನ ಹೆಸರು. ಒಂದು ಮಗುವಿಗೆ ಒಂದು ಹಾಳೆ. ಸಂಜೆ ತಾನೇ ಬುರುಜಿಗೆ ಒಯ್ಯುತ್ತಿದ್ದಳು. ಬೇರೆ ಹೆಂಗಸರೂ ಇದನ್ನು ನೋಡಿ ಬರತೊಡಗಿದರು. ಪ್ರತಿಯೊಬ್ಬರೂ, “ಮಾಸ್ತರ, ನಾ ಏನು ತಪ್ತಿದ್ದೆ?” ಎಂದು ಕೇಳುವವರೇ. ನಾನು ಹೇಳುತ್ತಿದ್ದೆ. ಊರಿನಲ್ಲಿ ಬೀಗ ಹೆಚ್ಚಿದಂತೆ ಅನುಮಾನವೂ ಹೆಚ್ಚಿತು. ಹೆಂಡತಿಯ ಹಾಳೆ ಅಂಕಿಗಳಾಗಿ ಬಂತೆಂದು ಒಬ್ಬ ಗಂಡ ಮೂರು ದಿನ ಊಟ ಬಿಟ್ಟ. ನಾಲ್ಕನೆಯ ದಿನ ತಾನೂ ಬೀಗ ಕಲಿಯಲು ಬಂದ. ಚಾವಡಿಯಲ್ಲಿ ಸಭೆ ಸೇರಿಸಿ, ಕಳ್ಳತನವಿದ್ದವರಿಗಷ್ಟೇ ಬೀಗ ಬೇಕು ಎಂದು ಹಿರಿಯರೊಬ್ಬರು ಗುಡುಗಿದರು. “ನಿಮ್ಮ ಮನಿ ಬಚ್ಚಲಕ್ಕ ಬಾಗಿಲ ಐತೇನ್ರೀ ಯಜಮಾನ್ರ?” ಎಂದು ಹಿಂದಿನಿಂದ ಫಕೀರವ್ವ ಕೇಳಿದಳು. ಸಭೆ ನಗೆಯಲ್ಲಿ ಮುಗಿಯಿತು.

ಅಡಿವೆಪ್ಪ ಮಾತ್ರ ಸೊರಗಿದ. ಓದಲು ಏನೂ ಇಲ್ಲದ ಬುರುಜಿನಲ್ಲಿ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ಮೊದಲು, ನೀನು ಯಾರು, ಇದು ಯಾರ ಹಾಳೆ ಎಂದು ಕೇಳಿ ಕೊಡುತ್ತಿದ್ದವನು ಈಗ ಅದನ್ನೂ ಬಿಟ್ಟ. ಅಂಕಿ ತಾನೇ, ಯಾರು ಒಯ್ದರೇನು ಎಂಬುದು ಅವನ ವಾದ.

ಇಷ್ಟೆಲ್ಲದರ ನಡುವೆ ಒಂದು ವಿಷಯವನ್ನು ಊರಿನಲ್ಲಿ ಯಾರೂ ಎತ್ತಲಿಲ್ಲ. ಎಲ್ಲರ ತಪ್ಪುಗಳೂ ಗೊತ್ತಿರುವ ಮನುಷ್ಯ ಒಬ್ಬನಿದ್ದ. ನಾನೂ ಎತ್ತಲಿಲ್ಲ. ನನ್ನ ಮೇಲೆ ನನಗೆ ಅನುಮಾನವಿರಲಿಲ್ಲ.

ಫಕೀರವ್ವ ಬರೆಯುವಾಗ ನಾನು ಎದುರಿಗೆ ಕುಳಿತಿರುತ್ತಿದ್ದೆ. ಹಾಳೆ ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಅವಳು ಅದನ್ನು ಲೆಕ್ಕಿಸುತ್ತಿರಲಿಲ್ಲ. ಆದರೆ ಒಂದು ಮಧ್ಯಾಹ್ನ ಸೆರಗನ್ನು ಮುಂದೆಳೆದು, ಪರೀಕ್ಷೆಯಲ್ಲಿ ಪಕ್ಕದವರಿಗೆ ತೋರಿಸದ ಹುಡುಗಿಯಂತೆ ಹಾಳೆಯನ್ನು ಮುಚ್ಚಿಕೊಂಡು ಬರೆದಳು. ಬರೆದು ಮುಗಿಸಿದ ಮೇಲೆ ಆ ದಿನ ನೀರು ಕೂಡ ಕುಡಿಯದೆ ಎದ್ದಳು.

“ಇದು ಗಾಣದ ಮನೆಯದೇನು?” ಎಂದೆ.

“ನಲವತ್ತೊಂದರಾಗ ಒಂದು,” ಎಂದಳು.

ನಲವತ್ತು ಹಾಳೆಗಳನ್ನು ನನ್ನೆದುರು ತೆರೆದು ಬರೆದವಳು ಒಂದನ್ನು ನನ್ನಿಂದಲೇ ಮುಚ್ಚಿದಳು. ಕಾರಣವಿಲ್ಲದೆ ಮನುಷ್ಯರು ಹಾಗೆ ಮಾಡುವುದಿಲ್ಲ. ನಾನು ಲೆಕ್ಕ ಹಾಕತೊಡಗಿದೆ. ದಾಕ್ಷಾಯಣಿಗೆ ಮಾರ್ಗಶಿರಕ್ಕೆ ಇಪ್ಪತ್ತಾರು ತುಂಬಿತ್ತು. ಅವಳು ಹುಟ್ಟಿದ ವರ್ಷದ ಶ್ರಾವಣದಲ್ಲಿ ನನ್ನ ಮಗಳು ಇಂದುಮತಿಗೆ ಹತ್ತೊಂಬತ್ತು; ಇನ್ನೂ ಮದುವೆಯಾಗಿರಲಿಲ್ಲ. ಅವಳಿಗೆ ಕಾಮಾಲೆಯೆಂದು, ಹೊಳೆಯಾಚೆಯ ನಾಟಿ ವೈದ್ಯರ ಔಷಧ ಬೇಕೆಂದು ನನ್ನ ಹೆಂಡತಿ ಅವಳನ್ನು ತನ್ನ ತಂಗಿಯ ಮನೆಗೆ ಕರೆದೊಯ್ದಿದ್ದಳು. ಐದು ತಿಂಗಳು. ನಾನು ಒಮ್ಮೆಯೂ ಹೋಗಿ ನೋಡಲಿಲ್ಲ, ಪರೀಕ್ಷೆಗಳಿದ್ದವು. ಪುಷ್ಯದಲ್ಲಿ ಮರಳಿದಾಗ ಅವಳು ಬಿಳಿಚಿಕೊಂಡಿದ್ದಳು. ಕಾಮಾಲೆಯವರು ಹಳದಿಯಾಗುತ್ತಾರೆ, ಬಿಳಿಚಿಕೊಳ್ಳುವುದಿಲ್ಲ ಎಂದು ಆಗ ನನಗೆ ಹೊಳೆದಿರಲಿಲ್ಲ. ಆಮೇಲೆ ಅವಳು ನನ್ನೊಡನೆ ಅಗತ್ಯವಿದ್ದಷ್ಟೇ ಮಾತಾಡಿದಳು. ಹೊಳೆಯಾಚೆಯ ಹೆರಿಗೆಗಳಿಗೂ ಆಗ ಹೋಗುತ್ತಿದ್ದವಳು ಫಕೀರವ್ವನೇ.

ಇವು ಸಾಬೀತಲ್ಲ ಎಂಬುದು ನನಗೆ ತಿಳಿದಿತ್ತು. ಸಾಬೀತು ಮೋಡದಲ್ಲಿತ್ತು, ಅದರ ಕೀಲಿಕೈ ನನ್ನ ತಲೆಯಲ್ಲಿತ್ತು. ಎಂಟು ದಿನ ತಡೆದೆ. ಒಂಬತ್ತನೆಯ ದಿನ ಖಾಲಿ ಹಾಳೆಯ ಮೂಲೆಯಲ್ಲಿ ಫಕೀರವ್ವನ ಹೆಸರನ್ನೂ ಆ ದಿನವನ್ನೂ ಬರೆದು ಬುರುಜಿಗೆ ಹೋದೆ. ಅಡಿವೆಪ್ಪ ತಲೆಯೆತ್ತಲಿಲ್ಲ. “ಒಯ್ರಿ, ಒಯ್ರಿ,” ಎಂದ. ಹಾಳೆ ಇಳಿದು ಬಂತು. ನಲವತ್ತಮೂರು ಅಂಕಿಗಳು.

ಮನೆಗೆ ಬಂದು ಬಾಗಿಲು ಹಾಕಿ, ಹನ್ನೆರಡರ ಮಗ್ಗಿಯ ತಪ್ಪಿನಿಂದ ಆರಂಭಿಸಿ ಒಂದೊಂದಾಗಿ ಕಳೆದೆ. ಮೊದಲ ಅಕ್ಷರ ಠ ಬಂತು. ಎರಡನೆಯದು ಞ. ಮೂರನೆಯದು ವರ್ಣಮಾಲೆಯಲ್ಲಿಯೇ ಇಲ್ಲದ ಸಂಖ್ಯೆ. ಕೂಡಿಸುವಲ್ಲಿ ಅವಳು ತಪ್ಪಿರಬೇಕೆಂದು ಭಾವಿಸಿ ಹಿಂದಿನಿಂದ ಕಳೆದೆ. ತಪ್ಪುಗಳ ಕ್ರಮ ಬದಲಿಸಿದೆ. ಆರು ತಪ್ಪು ಹಾಕಿದೆ, ಐದು ಹಾಕಿದೆ. ಎರಡನೆಯ ದಿನ ಅಡುಗೆ ಮಾಡಿಕೊಳ್ಳಲಿಲ್ಲ. ಇಂದುಮತಿ ಬರುವ ದಿನ ಅದು. ಬಂದು ಬಾಗಿಲು ತಟ್ಟಿದಳು. ಹಾಳೆಯನ್ನು ಹಾಸಿಗೆಯ ಕೆಳಗೆ ತಳ್ಳಿ ಬಾಗಿಲು ತೆರೆದೆ. “ಜ್ವರ ಬಂದೈತೇನಪ್ಪ?” ಎಂದಳು. ಇಲ್ಲವೆಂದೆ. ಅರ್ಧ ಗಂಟೆ ಕುಳಿತು ಹೋದಳು. ಅವಳು ಹೋದ ಕೂಡಲೇ ಮತ್ತೆ ಹಾಳೆ ತೆಗೆದೆ. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅಂಕಿಗಳು ಮಸುಕಾಗತೊಡಗಿದವು. ಕೊನೆಯ ಸಾಲಿನ ಒಂದು ಎಂಟು ಸ್ವಲ್ಪ ಹೊತ್ತು ನಿಂತಿತ್ತು. ಅದೂ ಹೋಯಿತು. ಖಾಲಿ ಹಾಳೆಯ ಮುಂದೆ ಕುಳಿತಿದ್ದಾಗ ಫಕೀರವ್ವ ಬಂದಳು. ಈ ಸಲ ಚಪ್ಪಲಿ ಹೊರಗೆ ಬಿಟ್ಟಿದ್ದಳು.

“ಮಾಸ್ತರ, ನನ್ನ ಹಾಳಿ ಒಯ್ದೀರಂತ.”

“ಯಾರು ಹೇಳಿದ್ರು?”

“ಅಡಿವೆಪ್ಪನ ಸೊಸಿ. ಅಂವ ಯಾರಿಗೂ ಹೇಳಿಲ್ರಿ. ಮನ್ಯಾಗ ಅಷ್ಟ ಹೇಳ್ಯಾನ.”

ಅವಳು ಮೇಜಿನ ಮೇಲಿನ ಖಾಲಿ ಹಾಳೆಯನ್ನು ನೋಡಿದಳು. ಅದರ ಸುತ್ತ ಬಿದ್ದಿದ್ದ, ನಾನು ಕಳೆದು ಕಳೆದು ಹೊಡೆದುಹಾಕಿದ ಕಾಗದಗಳನ್ನು ನೋಡಿದಳು.

“ಬಂತೇನ್ರಿ?”

“ಬರಲಿಲ್ಲ.”

“ಯಾವ ತಪ್ಪು ಹಾಕಿ ಕಳದ್ರಿ?”

“ನಿನ್ನ ಏಳೂ.”

“ಅವನ್ನ ನಾ ತಿದ್ದಿಕೊಂಡು ನಲವತ್ತು ವರ್ಷ ಆತಲ್ರೀ ಮಾಸ್ತರ.” ನೆಲದ ಮೇಲೆ ಕುಳಿತಳು. “ದಿನಾ ಎಣಿಸೂ ಕೆಲಸ ನಂದು. ವಾರಕ್ಕ ಏಳು, ತಿಂಗಳಿಗೆ ಇಷ್ಟು, ಯಾವತ್ತು ನೋವು ಬರ್ತೈತಿ, ಯಾವತ್ತು ಬಂದ್ರ ಕೂಸು ಉಳಿಯೂದಿಲ್ಲ. ಮಗ್ಗಿ ತಪ್ಪಿದ್ರ ಅಲ್ಲಿ ಜೀವ ಹೊಕ್ಕಾವು. ಶಾಲಿ ಬಿಟ್ಟ ಮ್ಯಾಲ ಒಬ್ಬಾಕಿನ ಕುಂತು ಕಲತೆ. ಹದಿನೇಳೆಂಟ್ಲೆ ನೂರಾ ಮೂವತ್ತಾರು. ಸರಿ ಐತಿಲ್ಲೋ?”

“ಸರಿ ಐತಿ. ಮತ್ತೆ ನನ್ನ ಮುಂದ ಅವತ್ತು ಹೇಳಿದ್ದು?”

“ಅದು ನಿಮಗಂತ ಹೇಳಿದ್ದು. ಬೀಗದಾಗ ಹಾಕಿದ ತಪ್ಪು ಬ್ಯಾರೆ ಅದಾವ. ನಾನ ಮಾಡಿಕೊಂಡದ್ದು. ನೀವು ಕಲಿಸಲಿಲ್ಲ, ನೀವು ಹೊಡೀಲಿಲ್ಲ.”

“ಅವತ್ತ ನಿನಗ ನನ್ನ ಮ್ಯಾಲ ಅನುಮಾನ ಇತ್ತು.”

“ಅನುಮಾನ ಅಲ್ರಿ.” ಸೆರಗಿನಿಂದ ಮುಖ ಒರೆಸಿಕೊಂಡಳು. “ನಲವತ್ತೊಂದು ಮಂದಿ ಹೆತ್ತವ್ರು. ಒಬ್ಬೊಬ್ಬಾಕಿನೂ ನನ್ನ ಕೈ ಹಿಡದು ಒಬ್ಬರ ಹೆಸರು ಹೇಳಿ, ಅವರಿಗೊಬ್ಬರಿಗೆ ಗೊತ್ತಾಗಬಾರ್ದು ಅಂದ್ರು. ಊರಿಗೆ ಅಂಜಿದವ್ರು ಕಡಿಮಿ. ಗಂಡನ ಹೆಸರು ಹೇಳಿದಾಕೇರು ಅದಾರ, ಅತ್ತಿ ಹೆಸರು ಹೇಳಿದಾಕೇರು ಅದಾರ. ಬಾಳ ಮಂದಿ ಅಪ್ಪನ ಹೆಸರ ಹೇಳಿದ್ರು.”

ನಾನು ಬಾಯಿ ತೆರೆದೆ. ನನ್ನ ಮಗಳ ಹೆಸರಿನ ಮೊದಲ ಅಕ್ಷರ ವರ್ಣಮಾಲೆಯಲ್ಲಿ ಮೂರನೆಯದು.

“ಕೇಳಬ್ಯಾಡ್ರಿ,” ಎಂದಳು ಫಕೀರವ್ವ. “ಕೇಳಿದ್ರ ಸುಳ್ಳ ಹೇಳ್ತೀನಿ. ನಲವತ್ತೊಂದು ಸಲ ಹೇಳೀನಿ. ಚಂದ ಹೇಳ್ತೀನಿ, ನೀವು ನಂಬ್ತೀರಿ.”

ಹೊರಗೆ ಯಾರೋ ಅಂಗಡಿಯ ಫಲಕಕ್ಕೆ ಬಣ್ಣ ಬಳಿಯುತ್ತಿದ್ದರು. ಕುಂಚ ತಗಡಿಗೆ ತಾಗುವ ಸದ್ದು ಕೇಳುತ್ತಿತ್ತು. ಅವಳು ಮೊಣಕಾಲಿಗೆ ಕೈಯೂರಿ ಎದ್ದಳು.

“ಹಗ್ಗದ ಮನಿ ಮಲ್ಲೇಶಿಗೂ ಆ ಹುಡುಗೀಗೂ ಅಡ್ಡಿ ಇಲ್ಲ. ನಿನ್ನಿ ಹಾಳಿ ಇಳಿಸಿ ನೋಡೀನಿ. ಅವರ ಮನೀಗೂ ಹೋಗಿ ಹೇಳಿ ಬಂದೀನಿ, ಆಕಿ ಗಾಣದ ಮನಿ ಕೂಸು, ನನ್ನ ಕೈಯಾಗ ಹುಟ್ಟೇತಿ, ನೀರಿನ ಸಾಲಿಗಿಂತ ನನಗ ಗೊತ್ತು ಅಂತ. ಒಪ್ಪ್ಯಾರ.” ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ತಿರುಗಿದಳು. “ಇದನ್ನ ನಾ ಯಾರಿಗೂ ಹೇಳೂದಿಲ್ರಿ, ಮಾಸ್ತರ. ಮನ್ಯಾಗೂ ಹೇಳೂದಿಲ್ಲ.”

ಮರುದಿನ ನಾನು ಬುರುಜಿಗೆ ಹೋಗಿ, ಒಡೆಯರನ್ನು ಬಿಟ್ಟು ಬೇರೆಯವರಿಗೆ ಹಾಳೆ ಕೊಡಬಾರದೆಂದು ಅಡಿವೆಪ್ಪನಿಗೆ ಎಚ್ಚರಿಕೆ ಹೇಳಿದೆ. “ಮಾಸ್ತರ್ರಿಗೂ?” ಎಂದು ಕೇಳಿದ. “ಮೊದಲು ಮಾಸ್ತರ್ರಿಗೆ,” ಎಂದೆ. ಆಮೇಲೆ ಬೀಗ ಕಲಿತವರ ಮನೆಮನೆಗೂ ಹೋಗಿ, ನನಗೆ ಗೊತ್ತಿರುವ ತಪ್ಪುಗಳನ್ನು ಬಿಟ್ಟು ಹೊಸವನ್ನು ಮಾಡಿಕೊಳ್ಳಬೇಕು, ಅವನ್ನು ನನಗೆ ಹೇಳಕೂಡದು ಎಂದು ತಿಳಿಸಿದೆ. ಕೆಲವರಿಗೆ ನಗು ಬಂತು. ಮಗ್ಗಿ ತಪ್ಪಾಗಿ ಕಲಿಯಿರಿ ಎಂದು ನಾನು ಹೇಳುವುದನ್ನು ಕೇಳಲೆಂದೇ ಒಬ್ಬಳು ತನ್ನ ಅತ್ತೆಯನ್ನು ಒಳಗಿನಿಂದ ಕರೆದಳು.

ಈ ವರ್ಷದ ವೈಶಾಖದಲ್ಲಿ ದಾಕ್ಷಾಯಣಿಯ ಲಗ್ನ. ಕರೆಯಲು ಅವಳೇ ಬಂದಿದ್ದಳು. ಪತ್ರಿಕೆ ಕೊಟ್ಟು, “ಎರಡು ದಿನದಾಗ ಅಳಿಸ್ತೈತ್ರಿ ಸರ್, ತಾರೀಖು ನೆನಪಿಟ್ಕೋರಿ,” ಎಂದಳು. ಇಂದುಮತಿಯ ಮನೆ ಯಾವ ಓಣಿಯಲ್ಲಿದೆ ಎಂದು ಕೇಳಿದಳು. ಶಾಲೆಯ ಹಳೆಯ ಮಾಸ್ತರರ ಮನೆಯವರನ್ನೆಲ್ಲ ಕರೆಯಬೇಕೆಂದು ಅವಳ ತಂದೆ ಹೇಳಿದ್ದರಂತೆ. ಮನೆ ಹೇಳಿದೆ. ಅವಳು ಮೆಟ್ಟಿಲಿಳಿಯುವಾಗ ಅವಳ ನಡಿಗೆಯನ್ನು ನೋಡಬಾರದೆಂದು ಪತ್ರಿಕೆಯನ್ನು ಓದುತ್ತ ನಿಂತೆ.

ಗಾಣದ ಮನೆಯ ಅಂಗಳದಲ್ಲಿ ಹಂದರ. ಗಾಣವನ್ನು ಬಿಳಿ ಬಟ್ಟೆಯಿಂದ ಮುಚ್ಚಿದ್ದರು, ಆದರೂ ಹಿಂಡಿಯ ವಾಸನೆಯಿತ್ತು. ಇಂದುಮತಿ ನನಗಿಂತ ಮೊದಲೇ ಬಂದಿದ್ದಳು. ಹೊಸ ಸೀರೆ ಉಟ್ಟಿದ್ದಳು. ನನ್ನ ಎಡಕ್ಕೆ ಬಂದು ನಿಂತಳು. ಫಕೀರವ್ವ ಹೆಂಗಸರ ನಡುವಿನಿಂದ ನಮ್ಮಿಬ್ಬರ ಕಡೆಗೆ ಒಮ್ಮೆ ನೋಡಿ ಬೇರೆ ಕಡೆ ತಿರುಗಿದಳು.

ವಾದ್ಯ ಜೋರಾಯಿತು. ಎಲ್ಲರೂ ಅಕ್ಷತೆ ಹಿಡಿದು ಮುಂದಕ್ಕೆ ಬಾಗಿದರು. ಹುಡುಗಿ ನನ್ನಿಂದ ಹದಿನೈದು ಅಡಿ ದೂರದಲ್ಲಿದ್ದಳು, ಮುಖ ನಮ್ಮ ಕಡೆಗೇ ಇತ್ತು. ತಲೆ ಎತ್ತಿ ಒಮ್ಮೆ ಆ ಮುಖವನ್ನು, ಒಮ್ಮೆ ನನ್ನ ಪಕ್ಕದ ಮುಖವನ್ನು ನೋಡಿದ್ದರೆ ಸಾಕಿತ್ತು. ಆ ಲೆಕ್ಕಕ್ಕೆ ಯಾವ ಕೀಲಿಕೈಯೂ ಬೇಕಿರಲಿಲ್ಲ. ನಾನು ನನ್ನ ಎರಡು ಪಾದಗಳನ್ನು ನೋಡುತ್ತ, ಬೇರೆ ಏನೂ ತಲೆಗೆ ಬರದಿರಲೆಂದು, ಹದಿನೇಳರ ಮಗ್ಗಿಯನ್ನು ಮೆಲ್ಲಗೆ ಹೇಳಿಕೊಂಡೆ. ಎಂಟಕ್ಕೆ ಬಂದಾಗ ನೂರಾ ನಲವತ್ತಾರು ಎಂದೆ. ತಿದ್ದಿಕೊಳ್ಳಲಿಲ್ಲ. ಅಕ್ಷತೆಯನ್ನು ಎಸೆದೆ, ಎಲ್ಲಿ ಬಿತ್ತೆಂದು ನೋಡಲಿಲ್ಲ.